ಹಳೆ ಪದ್ಮಿನಿಯ ಹಿಂಬದಿ ಗಾಜು ಒಡೆದಿದೆಯೇ? ಮನೆಯಲ್ಲೇ ಬದಲಿಸುವ ವಿಧಾನ, ನಿಯಮ, ಎಚ್ಚರಿಕೆಗಳ ಪೂರ್ಣ ಮಾಹಿತಿ ಇಲ್ಲಿದೆ

ಪುಣೆ: ಹಳೆ ಕಾರನ್ನು ಪ್ರೀತಿಯಿಂದ ಉಳಿಸಿಕೊಂಡವರಿಗೆ ಎಂಜಿನ್ ಕೆಟ್ಟರೆ ಅಷ್ಟಾಗಿ ಚಿಂತೆಯಿಲ್ಲ. ಗೊತ್ತಿರುವ ಮೆಕ್ಯಾನಿಕ್ ಒಬ್ಬರು ಎಲ್ಲೋ ಇದ್ದೇ ಇರುತ್ತಾರೆ. ಆದರೆ ಹಿಂಬದಿ ಗಾಜು ಒಡೆದರೆ ಕಥೆಯೇ ಬೇರೆ. ಶೋರೂಂನಲ್ಲಿ ಆ ಗಾಜು ಸಿಗುವುದಿಲ್ಲ. ಈಗಿನ ಕಾರುಗಳಿಗೆ ಗಾಜು ಅಂಟಿಸುವ ಅಂಗಡಿಗಳಲ್ಲಿ ಹಳೆ ರಬ್ಬರ್ ಬೀಡಿಂಗ್ ಕೆಲಸ ಗೊತ್ತಿರುವವರು ಕಡಿಮೆ. ಹೀಗಾಗಿ ಎಷ್ಟೋ ಕಾರುಗಳು ಪ್ಲಾಸ್ಟಿಕ್ ಹಾಳೆ ಹೊದ್ದುಕೊಂಡು ತಿಂಗಳುಗಟ್ಟಲೆ ಮೂಲೆಯಲ್ಲಿ ನಿಲ್ಲುತ್ತವೆ. ಒಂದು ಮಳೆಗಾಲ ಹಾಗೆಯೇ ಕಳೆದರೆ ತಗಡಿಗೆ ತುಕ್ಕು ಹಿಡಿದು, ಗಾಜಿನ ಖರ್ಚಿಗಿಂತ ಟಿಂಕರಿಂಗ್ ಖರ್ಚೇ ಹೆಚ್ಚಾಗುತ್ತದೆ.

ಸಮಾಧಾನದ ಸಂಗತಿ ಏನೆಂದರೆ, ಪ್ರೀಮಿಯರ್ ಪದ್ಮಿನಿ, ಅಂಬಾಸಿಡರ್‌ನಂತಹ ಕಾರುಗಳ ಹಿಂಬದಿ ಗಾಜನ್ನು ಅಂಟಿನಿಂದಲ್ಲ, ರಬ್ಬರ್ ಬೀಡಿಂಗ್‌ನಿಂದ ಕೂರಿಸಲಾಗಿದೆ. ಸರಿಯಾದ ಗಾಜು, ಒಳ್ಳೆಯ ಬೀಡಿಂಗ್, ಒಂದು ನೈಲಾನ್ ಹಗ್ಗ, ಸೋಪಿನ ನೀರು ಮತ್ತು ತಾಳ್ಮೆ ಇರುವ ಇಬ್ಬರು ಇದ್ದರೆ ಈ ಕೆಲಸವನ್ನು ಮನೆಯ ಅಂಗಳದಲ್ಲೇ ಮುಗಿಸಬಹುದು. ಗಾಜಿನ ಆಯ್ಕೆಯಿಂದ ಹಿಡಿದು ನೀರಿನ ಪರೀಕ್ಷೆಯವರೆಗೆ ತಿಳಿದಿರಬೇಕಾದ ಎಲ್ಲ ವಿಷಯ ಇಲ್ಲಿದೆ.

ಪುಣೆಗೂ ಪದ್ಮಿನಿಗೂ ಏನು ನಂಟು?

ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿಯನ್ನು 1944ರಲ್ಲಿ ಸ್ಥಾಪಿಸಿದವರು ಸೋಲಾಪುರ ಮೂಲದ ಉದ್ಯಮಿ ವಾಲ್‌ಚಂದ್ ಹಿರಾಚಂದ್. ಪುಣೆ ಜಿಲ್ಲೆಯ ಇಂದಾಪುರ ತಾಲ್ಲೂಕಿನಲ್ಲಿರುವ ವಾಲ್‌ಚಂದ್‌ನಗರ ಅವರ ಹೆಸರಿನದ್ದೇ. ಕನ್ನಡಿಗರಿಗೂ ಅವರು ಅಪರಿಚಿತರಲ್ಲ. 1940ರಲ್ಲಿ ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಆರಂಭಿಸಿದವರೂ ಅವರೇ. ಅದೇ ಮುಂದೆ ಎಚ್‌ಎಎಲ್ ಆಯಿತು.

ಇಟಲಿಯ ಫಿಯೆಟ್ ಕಂಪನಿಯ ಪರವಾನಗಿಯೊಂದಿಗೆ ಮುಂಬೈನ ಕುರ್ಲಾ ಕಾರ್ಖಾನೆಯಲ್ಲಿ 1964ರಿಂದ ಫಿಯೆಟ್ 1100 ಡಿಲೈಟ್ ತಯಾರಾಯಿತು. ಅದೇ ಕಾರು ನಂತರ ಪ್ರೀಮಿಯರ್ ಪ್ರೆಸಿಡೆಂಟ್ ಎಂದೂ, 1974ರಿಂದ ಪ್ರೀಮಿಯರ್ ಪದ್ಮಿನಿ ಎಂದೂ ಹೆಸರು ಬದಲಿಸಿಕೊಂಡಿತು. ಹೆಸರು ಏನೇ ಇರಲಿ, ಜನ ಇಂದಿಗೂ ಅದನ್ನು ಕರೆಯುವುದು 'ಫಿಯೆಟ್' ಎಂದೇ. ಹೊಸ ಶತಮಾನ ಶುರುವಾಗುವ ಹೊತ್ತಿಗೆ ಉತ್ಪಾದನೆ ನಿಂತಿತು. ಮುಂಬೈನ ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಅಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ ಇರುವುದರಿಂದ 2023ರ ಅಕ್ಟೋಬರ್ ಅಂತ್ಯಕ್ಕೆ ಕಪ್ಪು-ಹಳದಿ ಪದ್ಮಿನಿ ರಸ್ತೆಯಿಂದ ಮರೆಯಾಯಿತು.

ಪ್ರೀಮಿಯರ್ ಕಂಪನಿ ನಂತರದ ವರ್ಷಗಳಲ್ಲಿ ಪುಣೆ ಪಕ್ಕದ ಚಿಂಚ್ವಡ ಘಟಕದಿಂದ ಕೆಲಸ ಮಾಡಿತು. 'ರಿಯೊ' ಎಂಬ ಪುಟ್ಟ ಎಸ್‌ಯುವಿ ಬಂದದ್ದು ಅಲ್ಲಿಂದಲೇ. ವಾಹನ ಪರೀಕ್ಷೆ ಹಾಗೂ ಪ್ರಮಾಣೀಕರಣ ನಡೆಸುವ ಎಆರ್‌ಎಐ ಸಂಸ್ಥೆಯೂ 1966ರಿಂದ ಪುಣೆಯಲ್ಲೇ ಇದೆ. ಹಳೆ ಬಿಡಿಭಾಗಗಳಿಗೆ ಹೆಸರಾದ ನಾನಾ ಪೇಟ್ ಮತ್ತು ಜುನಾ ಬಜಾರ್ ಕೂಡ ಇಲ್ಲೇ ಇರುವುದರಿಂದ, ಹಳೆ ಕಾರು ಇಟ್ಟುಕೊಂಡವರಿಗೆ ಪುಣೆ ಅನುಕೂಲದ ಊರು.

ಗಾಜು ಒಡೆದ ತಕ್ಷಣ ಏನು ಮಾಡಬೇಕು?

ಮೊದಲು ಫೋಟೊ ತೆಗೆದುಕೊಳ್ಳಿ. ವಿಮೆಗೂ, ಬೀಡಿಂಗ್ ಹೇಗೆ ಕೂತಿತ್ತು ಎಂದು ನೆನಪಿಟ್ಟುಕೊಳ್ಳುವುದಕ್ಕೂ ಅದು ಬೇಕಾಗುತ್ತದೆ. ಬೀಡಿಂಗ್‌ನ ನಾಲ್ಕೂ ಮೂಲೆ, ಅದರ ಮೇಲಿನ ಹೊಳೆಯುವ ಪಟ್ಟಿ, ಒಳಗಿನ ಬಟ್ಟೆಯ ಸೀಲಿಂಗ್ ಸೇರುವ ಜಾಗ ಎಲ್ಲವೂ ಫೋಟೊದಲ್ಲಿ ಬರಲಿ.

ನಂತರ ದಪ್ಪ ಕೈಗವಸು, ಕಣ್ಣಿಗೆ ರಕ್ಷಣಾ ಕನ್ನಡಕ ಹಾಕಿಕೊಂಡು ಚೂರುಗಳನ್ನು ತೆಗೆಯಿರಿ. ಹಿಂದಿನ ಸೀಟನ್ನು ಬಿಚ್ಚಿ ಹೊರಗಿಡುವುದು ಒಳ್ಳೆಯದು. ಸೀಟಿನ ಸಂದು, ಬೆಲ್ಟ್ ಇದ್ದರೆ ಅದರ ಬಕಲ್, ಡಿಕ್ಕಿಯ ತಳ ಮತ್ತು ಗಾಜಿನ ಕೆಳಗಿನ ಹಲಗೆಯ ತೂತುಗಳಲ್ಲಿ ಚೂರು ಸೇರಿಕೊಂಡಿರುತ್ತದೆ. ವ್ಯಾಕ್ಯೂಮ್ ಕ್ಲೀನರ್ ಬಳಸಿ. ಉಳಿದ ಸಣ್ಣ ಚೂರುಗಳನ್ನು ಅಗಲವಾದ ಅಂಟುಟೇಪ್ ಒತ್ತಿ ತೆಗೆಯಬಹುದು. ಬರಿಗೈಯಲ್ಲಿ ಸವರಬೇಡಿ.

ಬಣ್ಣದ ಮೇಲೆ ನೇರವಾಗಿ ಟೇಪ್ ಹಚ್ಚಿ ಪ್ಲಾಸ್ಟಿಕ್ ಹೊದಿಸುವುದು ಸಾಮಾನ್ಯ ತಪ್ಪು. ಬಿಸಿಲಿಗೆ ಅಂಟು ಕರಗಿ, ಟೇಪ್ ಕೀಳುವಾಗ ಹಳೆ ಬಣ್ಣವೂ ಎದ್ದು ಬರುತ್ತದೆ. ಇಡೀ ಕಾರಿಗೆ ಹೊದಿಕೆ ಹಾಕಿ ನೆರಳಿನಲ್ಲಿ, ಸಾಧ್ಯವಾದರೆ ಸೂರಿನಡಿ ನಿಲ್ಲಿಸಿ.

ಗಾಜಿಲ್ಲದೆ ಕಾರು ಓಡಿಸಬೇಡಿ: ಇದು ಜೀವದ ಪ್ರಶ್ನೆ

'ಹಿಂದಿನ ಗಾಜು ತಾನೇ, ನಾಲ್ಕು ದಿನ ಹಾಗೇ ಓಡಿಸೋಣ' ಎಂದುಕೊಳ್ಳುವವರಿದ್ದಾರೆ. ಇದು ಅಪಾಯಕಾರಿ. ಕಾರು ಮುಂದಕ್ಕೆ ಓಡುವಾಗ ಅದರ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಸುಳಿ ಏಳುತ್ತದೆ. ಸೈಲೆನ್ಸರ್‌ನಿಂದ ಬರುವ ಹೊಗೆ ಆ ಸುಳಿಯಲ್ಲಿ ಸಿಕ್ಕಿ, ಹಿಂಬದಿಯ ತೆರೆದ ಜಾಗದಿಂದ ಕಾರಿನೊಳಗೆ ನುಗ್ಗುತ್ತದೆ.

ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಅದು ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಪರು ಇದರ ಮೊದಲ ಲಕ್ಷಣಗಳು. ಹಳೆ ಕಾರ್ಬ್ಯುರೇಟರ್ ಕಾರುಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದ ಕಾರಣ ಹೊಗೆಯಲ್ಲಿ ಈ ಅನಿಲದ ಪ್ರಮಾಣ ಹೆಚ್ಚು. ಹಿಂದಿನ ಸೀಟಿನಲ್ಲಿ ಮಕ್ಕಳು ಮಲಗಿದ್ದರೆ ಅವರು ನಿದ್ದೆ ಮಾಡುತ್ತಿದ್ದಾರೋ, ಮಂಪರಿನಲ್ಲಿದ್ದಾರೋ ತಿಳಿಯುವುದೇ ಇಲ್ಲ. ಗ್ಯಾರೇಜಿಗೆ ಒಯ್ಯಲೇಬೇಕಾದರೆ ಟೋಯಿಂಗ್ ವಾಹನ ಬಳಸುವುದೇ ಸುರಕ್ಷಿತ.

ಟಫನ್ಡ್, ಲ್ಯಾಮಿನೇಟೆಡ್: ವ್ಯತ್ಯಾಸ ತಿಳಿಯಿರಿ

ಕಾರಿಗೆ ಬಳಸುವ ಸುರಕ್ಷತಾ ಗಾಜಿನಲ್ಲಿ ಮುಖ್ಯವಾಗಿ ಎರಡು ಬಗೆ.

- ಟಫನ್ಡ್ ಗಾಜು: ಗಾಜನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಕಾಯಿಸಿ, ತಣ್ಣನೆಯ ಗಾಳಿ ಹಾಯಿಸಿ ಒಮ್ಮೆಲೇ ಆರಿಸುತ್ತಾರೆ. ಇದರಿಂದ ಮೇಲ್ಮೈ ಬಿಗಿದುಕೊಂಡು, ಒಳಭಾಗ ಸೆಳೆತದಲ್ಲಿ ಉಳಿಯುತ್ತದೆ. ಒಡೆದರೆ ಉದ್ದನೆಯ ಚೂಪು ಚೂರುಗಳಾಗದೆ ಸಣ್ಣ ಸಣ್ಣ ಹರಳುಗಳಾಗುತ್ತದೆ.
- ಲ್ಯಾಮಿನೇಟೆಡ್ ಗಾಜು: ಎರಡು ಗಾಜಿನ ನಡುವೆ ಪಿವಿಬಿ ಎಂಬ ಪ್ಲಾಸ್ಟಿಕ್ ಪದರ ಇಟ್ಟು ಒತ್ತಿರುತ್ತಾರೆ. ಒಡೆದರೂ ಚೂರು ಆ ಪದರಕ್ಕೆ ಅಂಟಿಕೊಂಡೇ ಇರುತ್ತದೆ. ಈಗಿನ ಕಾರುಗಳ ಮುಂದಿನ ಗಾಜು ಲ್ಯಾಮಿನೇಟೆಡ್ ಆಗಿರಲೇಬೇಕು.

ಹಿಂಬದಿಗೆ ಸಾಮಾನ್ಯವಾಗಿ ಬರುವುದು ಟಫನ್ಡ್ ಗಾಜು. ಇದರಲ್ಲಿ ನೆನಪಿಡಬೇಕಾದ ಒಂದು ಮಾತಿದೆ: ಒಮ್ಮೆ ಟಫನ್ ಆದ ಗಾಜನ್ನು ಕತ್ತರಿಸಲು, ಅಂಚು ಉಜ್ಜಲು, ತೂತು ಕೊರೆಯಲು ಬರುವುದಿಲ್ಲ. ಪ್ರಯತ್ನಿಸಿದರೆ ಇಡೀ ಗಾಜು ಕಣ್ಣೆದುರೇ ಪುಡಿಯಾಗುತ್ತದೆ. 'ಬೇರೆ ಕಾರಿನ ದೊಡ್ಡ ಗಾಜನ್ನು ಕತ್ತರಿಸಿ ಕೂರಿಸಿಕೊಡುತ್ತೇನೆ' ಎಂದು ಯಾರಾದರೂ ಹೇಳಿದರೆ, ಅದು ಟಫನ್ಡ್ ಗಾಜಲ್ಲ ಎಂದೇ ಅರ್ಥ.

ಮನೆ ಕಿಟಕಿಗೆ ಬಳಸುವ ಸಾದಾ ಗಾಜನ್ನು ಕಾರಿಗೆ ಹಾಕುವುದು ಇನ್ನೂ ದೊಡ್ಡ ಅಪಾಯ. ಹಿಂದಿನಿಂದ ಯಾರಾದರೂ ಗುದ್ದಿದರೆ ಅದು ಕತ್ತಿಯಂತೆ ಸೀಳಿ, ಹಿಂದಿನ ಸೀಟಿನಲ್ಲಿ ಕುಳಿತವರ ಕುತ್ತಿಗೆ ಮೇಲೆ ಬೀಳುತ್ತದೆ. ಕೆಲವು ನೂರು ರೂಪಾಯಿ ಉಳಿಸಲು ಹೋಗಿ ಈ ತಪ್ಪು ಮಾಡಬೇಡಿ.

ಕಾನೂನು ಏನು ಹೇಳುತ್ತದೆ?

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 100ರ ಪ್ರಕಾರ ವಾಹನದ ಗಾಜು ಸುರಕ್ಷತಾ ಗಾಜೇ ಆಗಿರಬೇಕು. ಮುಂದಿನ ಮತ್ತು ಹಿಂದಿನ ಗಾಜಿನ ಮೂಲಕ ಕನಿಷ್ಠ ಶೇ 70ರಷ್ಟು, ಪಕ್ಕದ ಗಾಜಿನ ಮೂಲಕ ಕನಿಷ್ಠ ಶೇ 50ರಷ್ಟು ಬೆಳಕು ಹಾಯಬೇಕು. ಗಾಜು ಭಾರತೀಯ ಮಾನಕ ಐಎಸ್ 2553ರ ಭಾಗ 2ಕ್ಕೆ ಅನುಗುಣವಾಗಿರಬೇಕು. ಗಾಜಿನ ಮೂಲೆಯಲ್ಲಿ ಅಳಿಸಲಾಗದಂತೆ ಒತ್ತಿದ ಗುರುತು ಇರುತ್ತದೆ. ಖರೀದಿಸುವಾಗ ಅದನ್ನು ನೋಡಿ.

ಗಾಜುಗಳಿಗೆ ಕಪ್ಪು ಫಿಲ್ಮ್ ಅಂಟಿಸುವುದರ ವಿರುದ್ಧ ಸುಪ್ರೀಂ ಕೋರ್ಟ್ 2012ರ ಏಪ್ರಿಲ್‌ನಲ್ಲಿ ಆದೇಶ ನೀಡಿದೆ. ಆದ್ದರಿಂದ ಹೊಸ ಗಾಜು ಹಾಕಿದ ಖುಷಿಯಲ್ಲಿ ಕಪ್ಪು ಫಿಲ್ಮ್ ಹಚ್ಚಿಸಬೇಡಿ. ಖಾಸಗಿ ಕಾರಿಗೆ 15 ವರ್ಷ ತುಂಬಿದ ಮೇಲೆ ಪ್ರತಿ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಆಗ ಆರ್‌ಟಿಒ ತಪಾಸಣೆಯಲ್ಲಿ ಗಾಜಿನ ಸ್ಥಿತಿಯೂ ಲೆಕ್ಕಕ್ಕೆ ಬರುತ್ತದೆ.

ಗಾಜು ಎಲ್ಲಿ ಹುಡುಕಬೇಕು?

ಪುಣೆಯಲ್ಲಿ ವಾಹನ ಬಿಡಿಭಾಗಗಳಿಗೆ ನಾನಾ ಪೇಟ್ ಮೊದಲ ವಿಳಾಸ. ಬುಧವಾರ ಮತ್ತು ಭಾನುವಾರ ನೆರೆಯುವ ಜುನಾ ಬಜಾರ್‌ನಲ್ಲಿ ಹಳೆ ಸಾಮಾನಿನ ರಾಶಿಯ ನಡುವೆ ಕಾರಿನ ಹೊಳೆಯುವ ಪಟ್ಟಿ, ಹಿಡಿಕೆಗಳು ಸಿಗುವುದುಂಟು. ಮುಂಬೈನಲ್ಲಿ ಕುರ್ಲಾದ ಸಿಎಸ್‌ಟಿ ರಸ್ತೆ, ಬೆಂಗಳೂರಿನಲ್ಲಿ ಜೆ.ಸಿ. ರಸ್ತೆ ಮತ್ತು ಶಿವಾಜಿನಗರದ ಗುಜರಿ ಅಂಗಡಿಗಳು ಇದೇ ಕೆಲಸಕ್ಕೆ ಪ್ರಸಿದ್ಧ.

ಹಳೆ ಗಾಜು ಕೊಳ್ಳುವಾಗ ಈ ಅಂಶಗಳನ್ನು ಗಮನಿಸಿ:

- ಅಂಚು ನೋಡಿ: ಟಫನ್ಡ್ ಗಾಜಿನ ಬಲ ನಡುವಿನಲ್ಲಿ, ದೌರ್ಬಲ್ಯ ಅಂಚಿನಲ್ಲಿ. ಅಂಚಿನಲ್ಲಿ ಸಣ್ಣ ಚಕ್ಕೆ ಎದ್ದಿದ್ದರೂ ಬೇಡ. ಕೂರಿಸುವಾಗಲೋ, ಮುಂದೆ ಬಿಸಿಲಿಗೋ ಅದು ಸಿಡಿಯಬಹುದು.
- ಗೀರು ಪರೀಕ್ಷಿಸಿ: ಬೆಳಕಿಗೆ ಅಡ್ಡ ಹಿಡಿದು ನೋಡಿ. ಉಗುರಿಗೆ ತಾಗುವಷ್ಟು ಆಳದ ಗೀರು ಉಜ್ಜಿದರೂ ಹೋಗುವುದಿಲ್ಲ.
- ಬಾಗು ಹೊಂದಬೇಕು: ಇಂಥ ಕಾರುಗಳ ಹಿಂಬದಿ ಗಾಜು ಪೂರ್ತಿ ಚಪ್ಪಟೆಯಲ್ಲ. ಕಂದು ಕಾಗದದ ಮೇಲೆ ಬರೆದ ಅಳತೆ ಆಕಾರವನ್ನಷ್ಟೇ ಹೇಳುತ್ತದೆ, ಬಾಗನ್ನು ಹೇಳುವುದಿಲ್ಲ. ಸಾಧ್ಯವಾದರೆ ಗಾಜನ್ನು ಕಾರಿನ ಚೌಕಟ್ಟಿಗೆ ಹಿಡಿದು ನೋಡಿಯೇ ಹಣ ಕೊಡಿ.
- ದಪ್ಪ ಅಳೆಯಿರಿ: ಬೀಡಿಂಗ್‌ನ ಗಾಡಿ ಎಷ್ಟು ದಪ್ಪದ ಗಾಜಿಗೆ ಮಾಡಿದ್ದೋ ಅಷ್ಟೇ ದಪ್ಪ ಇರಬೇಕು. ತೆಳುವಾದರೆ ಗಾಜು ಅಲುಗಾಡಿ ನೀರು ಸೋರುತ್ತದೆ, ದಪ್ಪವಾದರೆ ಕೂರುವುದೇ ಇಲ್ಲ.

ಹಳೆ ಗಾಜು ಸಿಗದಿದ್ದರೆ ಅಳತೆ ಕೊಟ್ಟು ಮಾಡಿಸುವ ದಾರಿ ಇದೆ. ಗಾಜನ್ನು ಮೊದಲು ಕತ್ತರಿಸಿ, ಅಂಚು ಉಜ್ಜಿ, ಅಚ್ಚಿನ ಮೇಲೆ ಬಾಗಿಸಿ, ಆಮೇಲೆ ಟಫನ್ ಮಾಡುತ್ತಾರೆ. ಒಂದೇ ಒಂದು ಗಾಜಿಗೆ ಅಚ್ಚು ಮಾಡಿಸುವುದು ದುಬಾರಿ. ಅದೇ ಮಾದರಿಯ ಕಾರು ಇರುವ ನಾಲ್ಕಾರು ಜನ ಸೇರಿ ಮಾಡಿಸಿದರೆ ಖರ್ಚು ಹಂಚಿಹೋಗುತ್ತದೆ. ಮಾದರಿಗಾಗಿ ಒಡೆಯದ ಗಾಜೊಂದನ್ನು ಯಾರಿಂದಲಾದರೂ ಎರವಲು ಪಡೆಯಬೇಕಾಗುತ್ತದೆ.

ಹಳೆ ಬೀಡಿಂಗ್ ಮತ್ತೆ ಬಳಸಬಹುದೇ?

ಬೇಡ ಎನ್ನುವುದೇ ಉತ್ತಮ. ಬಿಸಿಲಿಗೆ ಒಣಗಿದ ರಬ್ಬರ್ ಕಲ್ಲಿನಂತೆ ಗಟ್ಟಿಯಾಗಿ, ಬಾಗಿಸಿದರೆ ಬಿರುಕು ಬಿಡುತ್ತದೆ. ಬೀಡಿಂಗ್‌ನ ಅಡ್ಡ ಸೀಳು ನೋಡಿದರೆ ಎರಡು ಗಾಡಿಗಳು ಕಾಣುತ್ತವೆ. ಒಂದು ಗಾಜಿನ ಅಂಚನ್ನು ಹಿಡಿಯುತ್ತದೆ, ಇನ್ನೊಂದು ಕಾರಿನ ತಗಡಿನ ಅಂಚನ್ನು ಕಚ್ಚುತ್ತದೆ. ಕೆಲವು ಬೀಡಿಂಗ್‌ಗಳಲ್ಲಿ ಹೊಳೆಯುವ ಪಟ್ಟಿಗೋ, ಬಿಗಿ ಮಾಡುವ ಪಟ್ಟಿಗೋ ಮೂರನೆಯ ಗಾಡಿಯೂ ಇರುತ್ತದೆ. ಆದ್ದರಿಂದ ಅಂಗಡಿಗೆ ಹೋಗುವಾಗ ಹಳೆ ಬೀಡಿಂಗ್‌ನ ಒಂದು ತುಂಡನ್ನು ಕತ್ತರಿಸಿಕೊಂಡು ಹೋಗಿ.

ಮೂಲೆಗಳು ಅಚ್ಚಿನಲ್ಲೇ ಮೂಡಿರುವ, ಬಳೆಯಂತೆ ಒಂದೇ ಆಗಿರುವ ಬೀಡಿಂಗ್ ಸಿಕ್ಕರೆ ಒಳ್ಳೆಯದು. ಮೀಟರ್ ಲೆಕ್ಕದ ಬೀಡಿಂಗ್ ಆದರೆ ಅಳತೆಗಿಂತ ತುಸು ಉದ್ದವಾಗಿಯೇ ಕತ್ತರಿಸಿ, ಎರಡು ತುದಿಯೂ ಒತ್ತಿಕೊಂಡು ಸೇರುವಂತೆ ಅಂಟಿಸಿ. ಸೇರುವ ಜಾಗ ಮೂಲೆಯಲ್ಲಿ ಬರದೆ ನೇರ ಭಾಗದಲ್ಲಿ ಬರಲಿ.

ಬೇಕಾಗುವ ಸಾಮಗ್ರಿಗಳು

- ಸರಿಯಾದ ಗಾಜು ಮತ್ತು ಹೊಸ ಬೀಡಿಂಗ್
- 4ರಿಂದ 5 ಮಿಲಿಮೀಟರ್ ದಪ್ಪದ ನುಣುಪಾದ ನೈಲಾನ್ ಹಗ್ಗ (ಗಾಜಿನ ಸುತ್ತಳತೆಗಿಂತ ಸುಮಾರು ಒಂದು ಮೀಟರ್ ಹೆಚ್ಚು ಉದ್ದ)
- ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ನೀರು, ಸ್ಪ್ರೇ ಬಾಟಲಿ
- ಮರದ ಅಥವಾ ಪ್ಲಾಸ್ಟಿಕ್‌ನ ಮೊಂಡು ಪಟ್ಟಿ
- ಉಪ್ಪು ಕಾಗದ, ತಂತಿ ಬ್ರಷ್, ಟರ್ಪೆಂಟೈನ್
- ತುಕ್ಕು ನಿವಾರಕ ದ್ರಾವಣ, ಪ್ರೈಮರ್, ಕಾರಿನ ಬಣ್ಣ
- ಗಟ್ಟಿಯಾಗದ, ಗಾಜಿನ ಬೀಡಿಂಗ್‌ಗೆಂದೇ ಇರುವ ಸೀಲೆಂಟ್
- ಕೈಗವಸು, ರಕ್ಷಣಾ ಕನ್ನಡಕ, ಹಾಸಲು ಹಳೆ ಹಾಸಿಗೆ ಅಥವಾ ಕಂಬಳಿ

ಹಂತ 1: ಹಳೆಯದನ್ನು ಬಿಚ್ಚುವುದು

ಗಾಜು ಒಡೆದಿದ್ದರೆ ಉಳಿದ ಚೂರು ತೆಗೆದು ಬೀಡಿಂಗ್ ಎಳೆದರಾಯಿತು. ಗಾಜು ಚೆನ್ನಾಗಿದ್ದು, ಸೋರುತ್ತಿರುವ ಬೀಡಿಂಗ್ ಮಾತ್ರ ಬದಲಿಸುವುದಾದರೆ ಎಚ್ಚರ ಬೇಕು. ಮೊದಲು ಹೊಳೆಯುವ ಪಟ್ಟಿಯನ್ನು ಮೊಂಡು ಪಟ್ಟಿಯಿಂದ ನಿಧಾನವಾಗಿ ಎಬ್ಬಿಸಿ. ಅದು ಬಾಗಿದರೆ ಮತ್ತೆ ನೇರವಾಗುವುದು ಕಷ್ಟ. ನಂತರ ಹೊರಗಿನಿಂದ, ಗಾಜಿನ ಮೇಲೆ ಕವಿದಿರುವ ರಬ್ಬರ್ ತುಟಿಯನ್ನು ಸುತ್ತಲೂ ಬ್ಲೇಡ್‌ನಿಂದ ಕತ್ತರಿಸಿ ತೆಗೆಯಿರಿ. ಆಗ ಗಾಜನ್ನು ಹೊರಕ್ಕೆ ತಳ್ಳಲು ಬಲ ಬೇಕಾಗುವುದಿಲ್ಲ. ಒಳಗಿನಿಂದ ಒಬ್ಬರು ಮೇಲಿನ ಮೂಲೆಯ ಬಳಿ ಅಂಗೈಯಿಂದ ಮೆಲ್ಲನೆ ಒತ್ತಿದರೆ, ಹೊರಗಿರುವವರು ಗಾಜನ್ನು ಹಿಡಿದುಕೊಳ್ಳಬೇಕು.

ಬಿಚ್ಚಿದ ಗಾಜನ್ನು ಸಿಮೆಂಟ್ ಅಥವಾ ಕಲ್ಲಿನ ನೆಲದ ಮೇಲೆ ನಿಲ್ಲಿಸಬೇಡಿ. ಮೂಲೆಗೆ ಒಂದು ಸಣ್ಣ ಪೆಟ್ಟು ಬಿದ್ದರೂ ಸಾಕು, ಇಡೀ ಗಾಜು ಹೋಯಿತು. ಕಂಬಳಿಯ ಮೇಲೆ ಮಲಗಿಸಿ.

ಹಂತ 2: ತುಕ್ಕು ತೆಗೆಯುವುದು

ಈ ಇಡೀ ಕೆಲಸದ ಜೀವಾಳ ಇದೇ. ಹೆಚ್ಚಿನವರು ಅವಸರ ಮಾಡುವುದೂ ಇಲ್ಲಿಯೇ. ಬೀಡಿಂಗ್ ಅಡಿಯ ತಗಡಿನ ಅಂಚಿನಲ್ಲಿ, ಅದರಲ್ಲೂ ಕೆಳಗಿನ ಎರಡು ಮೂಲೆಗಳಲ್ಲಿ, ವರ್ಷಗಟ್ಟಲೆ ನೀರು ನಿಂತಿರುತ್ತದೆ. ಹಳೆ ಸೀಲೆಂಟ್ ಅನ್ನು ಟರ್ಪೆಂಟೈನ್‌ನಿಂದ ಒರೆಸಿ ತೆಗೆದು, ತಂತಿ ಬ್ರಷ್ ಮತ್ತು ಉಪ್ಪು ಕಾಗದದಿಂದ ಹೊಳೆಯುವ ತಗಡು ಕಾಣುವವರೆಗೆ ಉಜ್ಜಿ. ಉಳಿದ ಕಲೆಗಳಿಗೆ ತುಕ್ಕು ನಿವಾರಕ ಹಚ್ಚಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಪ್ರೈಮರ್ ಮತ್ತು ಬಣ್ಣ ಬಳಿಯಿರಿ. ಬಣ್ಣ ಪೂರ್ತಿ ಒಣಗುವವರೆಗೆ ಗಾಜು ಕೂರಿಸಬೇಡಿ. ಹಸಿ ಬಣ್ಣ ರಬ್ಬರ್‌ಗೆ ಅಂಟಿ ಕಿತ್ತು ಬರುತ್ತದೆ.

ಉಜ್ಜುವಾಗ ತಗಡು ತೂತಾಗಿ ಬೆರಳು ಒಳಗೆ ಹೋಯಿತೇ? ಪುಟ್ಟಿ ತುಂಬಿ ಮುಚ್ಚಬೇಡಿ. ಬೀಡಿಂಗ್ ಕಚ್ಚಿ ಹಿಡಿಯುವುದೇ ಆ ಅಂಚನ್ನು. ಅಲ್ಲಿ ಪುಟ್ಟಿ ಇದ್ದರೆ ಹಗ್ಗ ಎಳೆಯುವಾಗಲೇ ಉದುರುತ್ತದೆ. ಅಲ್ಲಿಗೆ ಮನೆ ಕೆಲಸ ನಿಲ್ಲಿಸಿ, ಟಿಂಕರಿಂಗ್ ಮಾಡುವವರಿಂದ ಹೊಸ ತಗಡು ವೆಲ್ಡ್ ಮಾಡಿಸಿ. ವೆಲ್ಡಿಂಗ್ ಮಾಡುವಾಗ ಬ್ಯಾಟರಿ ಸಂಪರ್ಕ ತೆಗೆಸಿ, ಸೀಟು ಮತ್ತು ಸೀಲಿಂಗ್ ಬಟ್ಟೆಗೆ ಕಿಡಿ ತಾಗದಂತೆ ನೋಡಿಕೊಳ್ಳಿ.

ಹಂತ 3: ಗಾಜಿಗೆ ಬೀಡಿಂಗ್ ಮತ್ತು ಹಗ್ಗ

ಬೀಡಿಂಗ್ ಅನ್ನು ಸ್ವಲ್ಪ ಹೊತ್ತು ಬಿಸಿಲಿನಲ್ಲಿ ಅಥವಾ ಬೆಚ್ಚಗಿನ ನೀರಿನಲ್ಲಿಟ್ಟರೆ ಮೆತ್ತಗಾಗುತ್ತದೆ. ಪುಣೆಯ ಚಳಿಗಾಲದ ಬೆಳಗಿನಲ್ಲಿ ರಬ್ಬರ್ ಬಿರುಸಾಗಿರುವುದರಿಂದ ಮಧ್ಯಾಹ್ನದ ಹೊತ್ತು ಕೆಲಸಕ್ಕೆ ಸೂಕ್ತ.

ಗಾಜನ್ನು ಕಂಬಳಿಯ ಮೇಲೆ ಇಟ್ಟು ಸುತ್ತಲೂ ಬೀಡಿಂಗ್ ಹಾಕಿ. ಮೂಲೆಗಳು ಸರಿಯಾಗಿ ಕೂತಿವೆಯೇ, ಗಾಜಿನ ಒಳಮುಖ ಯಾವುದು, ಹೊರಮುಖ ಯಾವುದು ಎಂದು ಎರಡು ಸಲ ನೋಡಿ. ನಂತರ ತಗಡನ್ನು ಕಚ್ಚುವ ಗಾಡಿಯೊಳಗೆ ಹಗ್ಗವನ್ನು ಸುತ್ತಲೂ ಕೂರಿಸಿ. ಹಗ್ಗದ ಎರಡು ತುದಿಗಳು ಕೆಳ ಅಂಚಿನ ನಡುವೆ ಒಂದರ ಮೇಲೊಂದು ಸುಮಾರು ಒಂದು ಗೇಣು ಹಾಯ್ದು ಹೊರಬರಲಿ. ಅವೆರಡನ್ನೂ ಗಾಜಿನ ಒಳಮುಖಕ್ಕೆ ಟೇಪ್‌ನಿಂದ ಅಂಟಿಸಿ.

ಹಂತ 4: ಕೂರಿಸುವುದು

ತಗಡಿನ ಅಂಚಿಗೂ ಬೀಡಿಂಗ್‌ಗೂ ಸೋಪಿನ ನೀರನ್ನು ಧಾರಾಳವಾಗಿ ಸಿಂಪಡಿಸಿ. ಎಣ್ಣೆ, ಗ್ರೀಸ್, ಪೆಟ್ರೋಲ್ ಬಳಸಬೇಡಿ. ಅವು ರಬ್ಬರನ್ನು ಉಬ್ಬಿಸಿ ಹಾಳುಮಾಡುತ್ತವೆ.

1. ಇಬ್ಬರೂ ಸೇರಿ ಗಾಜನ್ನು ಹೊರಗಿನಿಂದ ಚೌಕಟ್ಟಿಗೆ ಸರಿಯಾಗಿ ನಡುವೆ ಇಡಿ. ಎಡಬಲ ಅಂತರ ಸಮನಾಗಿರಲಿ.
2. ಒಬ್ಬರು ಕಾರಿನೊಳಗೆ ಹೋಗಿ ಹಗ್ಗದ ತುದಿ ಹಿಡಿಯಿರಿ. ಇನ್ನೊಬ್ಬರು ಹೊರಗಿನಿಂದ ಕೆಳ ಅಂಚಿನ ನಡುವೆ ಅಂಗೈಯಿಂದ ಒತ್ತಿ ಹಿಡಿಯಿರಿ.
3. ಒಳಗಿರುವವರು ಹಗ್ಗವನ್ನು ಗಾಜಿನ ನಡುಭಾಗದ ಕಡೆಗೆ ಎಳೆಯಿರಿ. ಹಗ್ಗ ಬಿಚ್ಚಿಕೊಳ್ಳುತ್ತಾ ಬಂದಂತೆ ರಬ್ಬರ್ ತುಟಿ ತಗಡಿನ ಅಂಚನ್ನು ದಾಟಿ ಒಳಗೆ ಕೂರುತ್ತದೆ.
4. ಹಗ್ಗ ಎಲ್ಲಿ ಬಿಚ್ಚುತ್ತಿದೆಯೋ ಅಲ್ಲಿಯೇ ಹೊರಗಿನವರ ಅಂಗೈ ಇರಬೇಕು. ಆದ್ದರಿಂದ ಇಬ್ಬರೂ ಮಾತಾಡುತ್ತಲೇ ಕೆಲಸ ಮಾಡಿ.
5. ಮೊದಲು ಕೆಳ ಅಂಚು, ನಂತರ ಕೆಳ ಮೂಲೆಗಳು, ಆಮೇಲೆ ಎರಡು ಬದಿ, ಕೊನೆಗೆ ಮೇಲಂಚು. ಒಂದೇ ಬದಿಯನ್ನು ಪೂರ್ತಿ ಮುಗಿಸದೆ ಎರಡೂ ಬದಿಗಳನ್ನು ಸ್ವಲ್ಪ ಸ್ವಲ್ಪವಾಗಿ ಎಳೆಯುತ್ತಾ ಹೋಗಿ.

ಹಗ್ಗ ಎಲ್ಲಾದರೂ ಸಿಕ್ಕಿಕೊಂಡರೆ ಜಗ್ಗಬೇಡಿ. ರಬ್ಬರ್ ಹರಿಯುತ್ತದೆ. ಸೋಪಿನ ನೀರು ಹಾಕಿ, ಮೊಂಡು ಪಟ್ಟಿಯಿಂದ ತುಟಿಯನ್ನು ಎತ್ತಿಕೊಡಿ. ಮುಷ್ಟಿಯಿಂದ ಗುದ್ದುವುದು, ಸುತ್ತಿಗೆಯಿಂದ ತಟ್ಟುವುದು ಬೇಡವೇ ಬೇಡ. ಮೊದಲ ಪ್ರಯತ್ನದಲ್ಲಿ ಕೂರದಿದ್ದರೆ ಗಾಜನ್ನು ಕೆಳಗಿಳಿಸಿ, ಹಗ್ಗವನ್ನು ಮತ್ತೆ ಹಾಕಿ ಪ್ರಯತ್ನಿಸಿ. ಎರಡು-ಮೂರು ಸಲ ಹೀಗಾಗುವುದು ಮಾಮೂಲು.

ಹಂತ 5: ಸೀಲೆಂಟ್ ಮತ್ತು ಹೊಳೆಯುವ ಪಟ್ಟಿ

ಸೋಪಿನ ನೀರು ಪೂರ್ತಿ ಒಣಗಿದ ಮೇಲೆ, ಬೀಡಿಂಗ್‌ನ ಹೊರ ತುಟಿಯನ್ನು ತುಸು ಎತ್ತಿ ರಬ್ಬರ್ ಮತ್ತು ತಗಡಿನ ನಡುವೆ, ರಬ್ಬರ್ ಮತ್ತು ಗಾಜಿನ ನಡುವೆ ಸೀಲೆಂಟ್ ತುಂಬಿ. ಬಚ್ಚಲುಮನೆಗೆ ಬಳಸುವ, ವಿನೆಗರ್ ವಾಸನೆ ಬರುವ ಸಿಲಿಕೋನ್ ಬೇಡ. ಅದು ಗಟ್ಟಿಯಾಗುವಾಗ ಬಿಡುವ ಅಸಿಟಿಕ್ ಆಮ್ಲ ತಗಡಿಗೆ ತುಕ್ಕು ಹಿಡಿಸುತ್ತದೆ. ಬೀಡಿಂಗ್‌ನಲ್ಲಿ ಮೂರನೆಯ ಗಾಡಿ ಇದ್ದರೆ ಕೊನೆಯಲ್ಲಿ ಪಟ್ಟಿ ಕೂರಿಸಿ. ಅದಕ್ಕೂ ಸೋಪಿನ ನೀರೇ ಸಾಕು.

ನೀರಿನ ಪರೀಕ್ಷೆ ತಪ್ಪಿಸಬೇಡಿ

ಡಿಕ್ಕಿಯಲ್ಲಿ ಮತ್ತು ಹಿಂದಿನ ಸೀಟಿನ ಜಾಗದಲ್ಲಿ ಒಣ ನ್ಯೂಸ್‌ಪೇಪರ್ ಹಾಸಿ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ. ಇನ್ನೊಬ್ಬರು ಪೈಪ್‌ನಿಂದ ಮೆಲ್ಲನೆ ನೀರು ಬಿಡಲಿ. ಮೊದಲು ಕೆಳ ಅಂಚಿಗೆ ಕೆಲವು ನಿಮಿಷ, ನಂತರ ಬದಿಗಳಿಗೆ, ಕೊನೆಗೆ ಮೇಲಕ್ಕೆ. ಮೇಲಿನಿಂದ ಶುರುಮಾಡಿದರೆ ನೀರು ಎಲ್ಲಿಂದ ಒಳಬಂತು ಎಂಬುದೇ ತಿಳಿಯುವುದಿಲ್ಲ. ನ್ಯೂಸ್‌ಪೇಪರ್ ಎಲ್ಲಿ ಒದ್ದೆಯಾಯಿತೋ ಅದರ ಮೇಲ್ಭಾಗದ ಸಂದಿಗೆ ಮತ್ತೊಮ್ಮೆ ಸೀಲೆಂಟ್ ಹಾಕಿ.

ಸೋರುವ ಗಾಜು ಮೊದಮೊದಲು ಕಣ್ಣಿಗೆ ಕಾಣುವುದಿಲ್ಲ. ನೀರು ಸೀಟಿನ ಹಿಂದೆ ಇಳಿದು ಡಿಕ್ಕಿಯ ಮ್ಯಾಟ್ ಅಡಿ ನಿಲ್ಲುತ್ತದೆ. ಕಾರಿನಲ್ಲಿ ಮುಗ್ಗಲು ವಾಸನೆ ಬಂದರೆ, ಡಿಕ್ಕಿಯ ಮ್ಯಾಟ್ ಎತ್ತಿ ನೋಡುವ ಹೊತ್ತು ಬಂದಿದೆ ಎಂದರ್ಥ.

ಯಾವ ಕಾರಿಗೆ ಮನೆ ಕೆಲಸ ಬೇಡ?

ಈಗಿನ ಕಾರುಗಳ ಗಾಜನ್ನು ಪಾಲಿಯುರಿಥೇನ್ ಅಂಟಿನಿಂದ ಬಾಡಿಗೆ ಅಂಟಿಸಿರುತ್ತಾರೆ. ಅಲ್ಲಿ ಗಾಜು ಕೂಡ ಕಾರಿನ ಗಟ್ಟಿತನದ ಭಾಗ. ಅದಕ್ಕೆ ಹಗ್ಗದ ವಿಧಾನ ಅನ್ವಯಿಸುವುದಿಲ್ಲ, ತರಬೇತಿ ಪಡೆದವರೇ ಮಾಡಬೇಕು. ಪುಣೆಯಲ್ಲೇ ತಯಾರಾಗಿ 1991ರಲ್ಲಿ ಬಂದ ಟಾಟಾ ಸಿಯೆರಾದ ಹಿಂಬದಿ ಪಕ್ಕದ ಗಾಜು ಚಾವಣಿಯವರೆಗೆ ಬಾಗಿಕೊಂಡಿರುವಂಥದ್ದು. ಅಂಥ ವಿಶೇಷ ಆಕಾರದ ಗಾಜು ಒಡೆದರೆ ಬದಲಿ ಹುಡುಕುವುದೇ ದೊಡ್ಡ ಕೆಲಸ. ಸಿಕ್ಕ ಗಾಜನ್ನು ಮನೆಯಲ್ಲಿ ಪ್ರಯೋಗ ಮಾಡಿ ಕಳೆದುಕೊಳ್ಳುವುದಕ್ಕಿಂತ ಅನುಭವಿಗಳ ಕೈಗೆ ಕೊಡುವುದು ಜಾಣತನ.

ವಿಮೆ ಮತ್ತು ವಿಂಟೇಜ್ ನೋಂದಣಿ

ಸಮಗ್ರ ವಿಮೆ ಇದ್ದರೆ ಸಾಮಾನ್ಯವಾಗಿ ಗಾಜಿನ ಮೇಲೆ ಸವಕಳಿ ಕಡಿತ ಇರುವುದಿಲ್ಲ. ಆದರೆ ರಬ್ಬರ್ ಭಾಗಗಳಿಗೆ ಶೇ 50ರಷ್ಟು ಸವಕಳಿ ಕಳೆಯುತ್ತಾರೆ. ಅಂದರೆ ಬೀಡಿಂಗ್ ಖರ್ಚಿನ ಅರ್ಧ ಕೈಯಿಂದಲೇ ಹೋಗುತ್ತದೆ. ಹಳೆ ಕಾರುಗಳಿಗೆ ಹಲವರು ಥರ್ಡ್ ಪಾರ್ಟಿ ವಿಮೆ ಮಾತ್ರ ಮಾಡಿಸಿರುತ್ತಾರೆ. ಅದರಲ್ಲಿ ಸ್ವಂತ ಕಾರಿನ ಗಾಜಿಗೆ ಏನೂ ಸಿಗುವುದಿಲ್ಲ. ವಿಮೆ ಕೇಳುವುದಾದರೆ ಸರ್ವೇಯರ್ ನೋಡುವ ಮೊದಲು ಚೌಕಟ್ಟಿನಿಂದ ಏನನ್ನೂ ಬಿಚ್ಚಬೇಡಿ.

ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಕಾರುಗಳಿಗೆ ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ನೋಂದಣಿ ವ್ಯವಸ್ಥೆ ತಂದಿದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ ನಿಗದಿಯಾಗಿದ್ದು, 'ವಿಎ' ಅಕ್ಷರಗಳುಳ್ಳ ನಂಬರ್ ಪ್ಲೇಟ್ ಸಿಗುತ್ತದೆ. ಕಾರು ಮೂಲ ರೂಪದಲ್ಲಿರಬೇಕು, ಷಾಸಿ, ಬಾಡಿ ಅಥವಾ ಎಂಜಿನ್‌ನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು ಎಂಬುದು ಮುಖ್ಯ ಷರತ್ತು. 1974ರ ಮೊದಲ ಪದ್ಮಿನಿಗಳೂ ಈಗ ಈ ವಯಸ್ಸು ದಾಟಿವೆ. ಗಾಜು ಸಿಗಲಿಲ್ಲವೆಂದು ಚೌಕಟ್ಟನ್ನೇ ಕತ್ತರಿಸಿ ಬೇರೆ ಕಾರಿನ ಗಾಜಿಗೆ ಹೊಂದಿಸುವವರು ಈ ಷರತ್ತನ್ನು ನೆನಪಿಡಬೇಕು. ಹಾಗೆ ಮಾಡಿದರೆ ಕಾರಿನ ಅಂದವೂ ಹೋಗುತ್ತದೆ, ವಿಂಟೇಜ್ ಅರ್ಹತೆಗೂ ಕುತ್ತು ಬರಬಹುದು.

ಕೊನೆಯದಾಗಿ

ಗಾಜು ಕೂರಿಸಲು ಬೇಕಾದದ್ದು ಅರ್ಧ ದಿನ. ತುಕ್ಕು ತೆಗೆದು ಬಣ್ಣ ಒಣಗಿಸಲು ಎರಡು-ಮೂರು ದಿನ. ಸರಿಯಾದ ಗಾಜು ಹುಡುಕಲು ಕೆಲವು ವಾರಗಳೇ ಹಿಡಿಯಬಹುದು. ಆದ್ದರಿಂದ ಜೂನ್‌ನ ಮೊದಲ ಮಳೆಗೆ ಕಾಯದೆ, ಬೇಸಿಗೆಯಲ್ಲೇ ಬೀಡಿಂಗ್ ಒತ್ತಿ ನೋಡಿ. ಉಗುರು ಒತ್ತಿದರೆ ಗುರುತು ಬೀಳದಷ್ಟು ಗಟ್ಟಿಯಾಗಿದ್ದರೆ, ಗಾಜು ಇನ್ನೂ ಚೆನ್ನಾಗಿರುವಾಗಲೇ ಬೀಡಿಂಗ್ ಬದಲಿಸಿ. ಹಳೆ ಕಾರಿನಲ್ಲಿ ಇಂದು ಇರುವ ಗಾಜೇ ಅತ್ಯಂತ ಅಗ್ಗದ ಗಾಜು. ಅದನ್ನು ಉಳಿಸಿಕೊಳ್ಳುವುದೇ ಮೊದಲ ಕೆಲಸ.